ಕಡಲ ದಂಡೆಗೆ ಹಳೇ ರೇಡಿಯೊ

ಹೊನ್ನಾವರ ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳ ಕಾಗದ ಈ ವಾರ ನನ್ನ ಮುಂದಿದೆ. ಎರಡು ಪುಟ, ಗುಂಡಗಿನ ಅಕ್ಷರ. ಅವಳ ಅಜ್ಜನ ಬಳಿ ಒಂದು ಹಳೆಯ ರೇಡಿಯೊ ಇದೆ. ಅಜ್ಜ ದೋಣಿಗೆ ಹೋಗುತ್ತಿದ್ದ ಕಾಲದಲ್ಲಿ ಹವಾಮಾನದ ಸುದ್ದಿ ಕೇಳಲು ತೆಗೆದುಕೊಂಡದ್ದು. ಈಗ ಅದು ಹಗಲೆಲ್ಲ ಬರೀ 'ಗೊರ್' ಅನ್ನುತ್ತದಂತೆ. ರಾತ್ರಿ ಊಟ ಮುಗಿದ ಮೇಲೆ ಅಜ್ಜ ಅದನ್ನು ಜಗಲಿಗೆ ತಂದು ಬಿರಡೆ ತಿರುವಿದರೆ ಅರಬ್ಬಿ ಹಾಡು ಬರುತ್ತದೆ, ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುತ್ತಾರೆ, ಮತ್ತೆ ಮಾಯವಾಗುತ್ತಾರೆ. ಅಪ್ಪ ಅದನ್ನು ಗುಜರಿಗೆ ಹಾಕೋಣ ಅನ್ನುತ್ತಾರೆ, ಅಜ್ಜ ಬಿಲ್‌ಕುಲ್ ಒಪ್ಪುವುದಿಲ್ಲ. "ಹಗಲು ಆ ಹಾಡು ಎಲ್ಲಿಗೆ ಹೋಗುತ್ತದೆ? ರೇಡಿಯೊ ಹಾಳಾಗಿದೆಯೋ ಇಲ್ಲವೋ? ಅಪ್ಪ ಸರಿಯೋ ಅಜ್ಜ ಸರಿಯೋ ಹೇಳಿ" ಎಂದು ಕೇಳಿದ್ದಾಳೆ.

ಅಪ್ಪ-ಅಜ್ಜನ ನಡುವೆ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಆದರೆ ರೇಡಿಯೊದ ಮಟ್ಟಿಗೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ರಾತ್ರಿ ಅರಬ್ಬಿ ಹಾಡು ಕೇಳಿಸುತ್ತಿದೆ ಎಂದಮೇಲೆ ಅದು ಹಾಳಾಗಿಲ್ಲ. ಹೊನ್ನಾವರದಿಂದ ಮಸ್ಕತ್ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರ. ಅಷ್ಟು ದೂರದ ಸದ್ದನ್ನು ಮೂರು ಶೆಲ್ ಹಾಕಿದ ಪೆಟ್ಟಿಗೆ ಹಿಡಿಯುತ್ತದೆಂದರೆ ಅದು ಗಟ್ಟಿಮುಟ್ಟಾಗಿಯೇ ಇದೆ. ಅಷ್ಟೇ ಅಲ್ಲ, ಅದು ಇರಬೇಕಾದ ಜಾಗದ ಹತ್ತಿರವೇ ಇದೆ. ಪ್ರಪಂಚದ ಬೇರೆ ಬೇರೆ ಕಡೆ ದೊಡ್ಡವರು, ಸಂಬಳದ ಕೆಲಸದಲ್ಲಿರುವವರು, ರಜೆ ಹಾಕಿ, ನೂರಾರು ಕಿಲೋಮೀಟರ್ ಕಾರು ಓಡಿಸಿಕೊಂಡು ಕಡಲ ದಂಡೆಗೆ ಹೋಗುವುದು ಇದಕ್ಕಾಗಿಯೇ: ಚಳಿಯಲ್ಲಿ ಕೂತು, ದೂರದ ಮಧ್ಯಮ ತರಂಗ ಕೇಂದ್ರಗಳನ್ನು ಹಿಡಿಯುವುದಕ್ಕೆ. ಅವರ ಈ ಹವ್ಯಾಸಕ್ಕೆ ಡಿ-ಎಕ್ಸ್ ಎಂದು ಹೆಸರು. 'ಡಿ' ಎಂದರೆ ದೂರ, 'ಎಕ್ಸ್' ಎಂದರೆ ಗೊತ್ತಿಲ್ಲದ್ದು, ಬೀಜಗಣಿತದ ಎಕ್ಸ್ ಹಾಗೆ.

ಮೊದಲು ಹಗಲು-ರಾತ್ರಿಯ ಲೆಕ್ಕ ಮುಗಿಸೋಣ. ಇದನ್ನು ಮೊದಲು ಚೆನ್ನಾಗಿ ಗಮನಿಸಿದವರು ಮಾರ್ಕೋನಿ. 1902ರ ಫೆಬ್ರುವರಿಯಲ್ಲಿ ಅವರು ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟಿದ್ದರು. ಹಿಂದೆ ಇಂಗ್ಲೆಂಡಿನ ಪೋಲ್ಡು ಎಂಬ ಊರಿನ ಕೇಂದ್ರ ಸಂಕೇತ ಕಳಿಸುತ್ತಲೇ ಇತ್ತು, ಹಡಗು ದೂರ ಹೋಗುತ್ತಲೇ ಇತ್ತು. ಹಗಲಿನಲ್ಲಿ ಸುಮಾರು ಸಾವಿರದ ನೂರು ಕಿಲೋಮೀಟರ್ ಆಚೆಗೆ ಸದ್ದು ಅಡಗಿತು. ರಾತ್ರಿಯಾದರೆ ಮೂರು ಸಾವಿರ ದಾಟಿದ ಮೇಲೂ ಕೇಳಿಸಿತು! ಅದೇ ಯಂತ್ರ, ಅದೇ ಹಡಗು, ಅದೇ ಕಡಲು. ಬದಲಾದದ್ದು ಸೂರ್ಯ ಮಾತ್ರ. ಯಾಕೆ ಹೀಗೆ ಎಂದು ಮಾರ್ಕೋನಿಗೂ ಆಗ ಗೊತ್ತಿರಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಆಕಾಶದಲ್ಲಿ ಬಹಳ ಮೇಲೆ ವಿದ್ಯುತ್ ಹರಿಸಬಲ್ಲ ಪದರವೊಂದು ಇರಬೇಕು, ರೇಡಿಯೊ ಅಲೆ ಅದಕ್ಕೆ ಬಡಿದು ಕೆಳಗೆ ಮರಳುತ್ತಿರಬೇಕು. ಇದ್ದೇ ಇದೆ ಎಂದು ತೋರಿಸಲು 1924ರವರೆಗೆ ಕಾಯಬೇಕಾಯಿತು. ತೋರಿಸಿದ ಆಪಲ್‌ಟನ್ ಅವರಿಗೆ 1947ರಲ್ಲಿ ನೊಬೆಲ್ ಬಂತು. ಅದೇ ವರ್ಷ ನಮ್ಮ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಅವರು ಈ ಮೇಲಿನ ವಾಯುಮಂಡಲದ ಬಗ್ಗೆ ಬರೆದ ದೊಡ್ಡ ಪುಸ್ತಕ ಹೊರಬಂತು. ಪ್ರಪಂಚದ ವಿಜ್ಞಾನಿಗಳು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಓದಿದರು. ನಮ್ಮ ಪಠ್ಯಪುಸ್ತಕಗಳು ಈ ಹೆಸರನ್ನು ಇನ್ನಷ್ಟು ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಆ ಮೇಲಿನ ಪದರ ಒಂದಲ್ಲ, ಹಲವು. ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರ ಹಗಲಿನಲ್ಲಿ ಮಾತ್ರ ಹುಟ್ಟುತ್ತದೆ, ಬಿಸಿಲಿನಿಂದ. ಅದಕ್ಕೆ 'ಡಿ' ಪದರ ಎನ್ನುತ್ತಾರೆ. ನೀವು ಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದೀರಿ ಎಂದುಕೊಳ್ಳಿ. ಯಾರೋ ಬಂದು ಗೋಡೆಯ ಮುಂದೆ ಒದ್ದೆ ಗೋಣಿಚೀಲ ನೇತುಹಾಕಿದರೆ? ಚೆಂಡು ಗೋಣಿಗೆ ತಾಗಿ ದೊಪ್ಪೆಂದು ಬೀಳುತ್ತದೆ. ಡಿ ಪದರ ಆ ಗೋಣಿಚೀಲ. ಮಧ್ಯಮ ತರಂಗವನ್ನು ಅದು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಗೋಣಿ ಮಾಯ. ಆಗ ಅಲೆ ಇನ್ನೂ ಮೇಲಕ್ಕೆ, ನೂರು ಕಿಲೋಮೀಟರ್, ಇನ್ನೂರೈವತ್ತು ಕಿಲೋಮೀಟರ್ ಎತ್ತರದ ಪದರಗಳವರೆಗೆ ಹೋಗಿ, ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಬಂದು ಬೀಳುತ್ತದೆ. ಮೇಲಿನ ಪದರ ಗೋಡೆಯಷ್ಟು ಗಟ್ಟಿಯಲ್ಲ, ತೂಗುತ್ತಾ ಅಲುಗುತ್ತಾ ಇರುತ್ತದೆ. ಅದಕ್ಕೇ ಹಾಡು ಹತ್ತಿರ ಬಂದಂತೆ, ದೂರ ಹೋದಂತೆ ಕೇಳಿಸುತ್ತದೆ. ಅಜ್ಜನ ರೇಡಿಯೊದಲ್ಲಿ ಮಾತಾಡುವವರು 'ಮಾಯವಾಗುವುದು' ಇದರಿಂದ.

ಇನ್ನು ಕಡಲಿನ ವಿಷಯ. ಇದು ನನಗೆ ಬಹಳ ಇಷ್ಟವಾದ ಭಾಗ.

ಸಮುದ್ರದ ನೀರಿನಲ್ಲಿ ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ ಉಪ್ಪು ಇರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಒಣ ನೆಲಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು ಚೆನ್ನಾಗಿ. ರೇಡಿಯೊ ಅಲೆ ಒಣ ನೆಲವನ್ನು ಒರೆಸಿಕೊಂಡು ಸಾಗುವಾಗ ಹೆಜ್ಜೆಹೆಜ್ಜೆಗೂ ಶಕ್ತಿ ಕಳೆದುಕೊಳ್ಳುತ್ತದೆ, ಗದ್ದೆಯ ಕೆಸರಿನಲ್ಲಿ ಸೈಕಲ್ ತುಳಿದ ಹಾಗೆ. ಕಡಲ ಮೇಲೆ ಸಾಗುವಾಗ ಡಾಂಬರು ರಸ್ತೆಯ ಸೈಕಲ್. ಇದು ಹಗಲಿಗೂ ಅನ್ವಯಿಸುತ್ತದೆ. ಆಕಾಶದ ಪದರಕ್ಕೆ ಹೋಗದೆ ಮೇಲ್ಮೈಗೆ ಅಂಟಿಕೊಂಡೇ ಬರುವ ಅಲೆ, ನೆಲದ ಮೇಲೆ ಬರುವುದಕ್ಕಿಂತ ಎಷ್ಟೋ ಹೆಚ್ಚು ದೂರ ನೀರಿನ ಮೇಲೆ ಬರುತ್ತದೆ.

ಇನ್ನೊಂದು ಸಂಗತಿ ಇದೆ. ಬಹಳ ದೂರದಿಂದ ಬರುವ ಅಲೆ ತಲೆಯ ಮೇಲಿಂದ ಬೀಳುವುದಿಲ್ಲ, ಬಾನಂಚಿನಿಂದ ತೀರಾ ಓರೆಯಾಗಿ ಬರುತ್ತದೆ. ನೆಲದ ಮೇಲೆ ಗುಡ್ಡ, ಮನೆ, ಮರ, ಒಣಮಣ್ಣು ಸೇರಿ ಆ ಓರೆ ಅಲೆಯನ್ನು ತಿಂದುಹಾಕುತ್ತವೆ. ಕಡಲ ಕಡೆಗೆ ಮುಖ ಮಾಡಿದರೆ ಎದುರಿಗೆ ಏನೂ ಅಡ್ಡ ಇಲ್ಲ, ಕೆಳಗಿನ ಉಪ್ಪುನೀರು ಕನ್ನಡಿಯ ಕೆಲಸ ಮಾಡಿ ಅಲೆಗೆ ಬಲ ಕೂಡಿಸುತ್ತದೆ. ದಂಡೆಯಿಂದ ಒಳನಾಡಿಗೆ ಸರಿದಷ್ಟೂ ಈ ಲಾಭ ಕರಗುತ್ತಾ ಹೋಗುತ್ತದೆ. ಆದ್ದರಿಂದಲೇ ಹವ್ಯಾಸಿಗಳು ನೀರಿನ ಅಂಚಿಗೇ ಹೋಗಿ ಕೂರುವುದು. ಅದು ಬರೀ ಸಮುದ್ರದ ಗಾಳಿಯ ಆಸೆಯಿಂದಲ್ಲ.

ಮೂರನೆಯದು ಮನೆಯಲ್ಲೇ ಪರೀಕ್ಷಿಸಬಹುದಾದದ್ದು. ರೇಡಿಯೊವನ್ನು ಮಧ್ಯಮ ತರಂಗಕ್ಕೆ ಹಾಕಿ, ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುವಿ, ಮನೆಯೊಳಗೆ ಓಡಾಡಿ. ಎಲ್‌ಇಡಿ ಬಲ್ಬಿನ ಹತ್ತಿರ ಒಂದು ಬಗೆಯ ಗೊರಗೊರ. ಮೊಬೈಲ್ ಚಾರ್ಜರ್ ಹತ್ತಿರ ಇನ್ನೊಂದು. ಟಿ.ವಿ.ಯ ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್, ಒಂದೊಂದಕ್ಕೂ ಒಂದೊಂದು ರಾಗ. ಹುಡುಗಿಯ ಅಜ್ಜ ರೇಡಿಯೊ ಕೊಂಡಾಗ ಊರಿನಲ್ಲಿ ಇವು ಯಾವುವೂ ಇರಲಿಲ್ಲ. ಹಗಲಿನ 'ಗೊರ್' ರೇಡಿಯೊದ್ದಲ್ಲ, ಮನೆಯದು! ಎಲ್ಲ ಸ್ವಿಚ್ ಆರಿಸಿ ನೋಡಿ; ಇಲ್ಲವೇ ರೇಡಿಯೊವನ್ನು ಮನೆಯಿಂದ ದೂರ ಒಯ್ಯಿರಿ. ಸಮುದ್ರತೀರದ ಒಂದು ಮಗ್ಗುಲಲ್ಲಿ ಮನೆಯೂ ಇಲ್ಲ, ತಂತಿಯೂ ಇಲ್ಲ.

ಈ ಮೂರನ್ನೂ ನೂರು ವರ್ಷದ ಹಿಂದೆಯೇ ಬಳಸಿಕೊಂಡ ಒಬ್ಬರ ಕತೆ ಹೇಳಲೇಬೇಕು. ಅಮೆರಿಕದ ಪಾಲ್ ಗಾಡ್ಲಿ. ಆಗ ದೊಡ್ಡ ಕಂಪನಿಗಳು ಕಿಲೋಮೀಟರುಗಟ್ಟಲೆ ಉದ್ದದ ಅಲೆಗಳಲ್ಲಿ, ಭಾರಿ ಯಂತ್ರಗಳಲ್ಲಿ, ಅಟ್ಲಾಂಟಿಕ್ ಆಚೆಗೆ ತಂತಿಯಿಲ್ಲದ ಸುದ್ದಿ ಕಳಿಸುತ್ತಿದ್ದವು. ಹವ್ಯಾಸಿಗಳಿಗೆ ಸಿಕ್ಕಿದ್ದು 'ಯಾವ ಉಪಯೋಗಕ್ಕೂ ಬಾರದ್ದು' ಎಂದು ಎಲ್ಲರೂ ಬಿಟ್ಟಿದ್ದ 200 ಮೀಟರ್ ಆಸುಪಾಸಿನ ಗಿಡ್ಡ ಅಲೆ. ಇಂದು ನಮ್ಮ ರೇಡಿಯೊದ ಮಧ್ಯಮ ತರಂಗದ ಬಲತುದಿ ಎಂದು ತಿಳಿಯಿರಿ. ಇಷ್ಟು ಗಿಡ್ಡ ಅಲೆ ಸಾಗರ ದಾಟೀತೇ? ದಾಟುತ್ತದೋ ಇಲ್ಲವೋ ನೋಡಿ ಬಾ ಎಂದು ಅಮೆರಿಕದ ಹವ್ಯಾಸಿಗಳ ಸಂಘ ಗಾಡ್ಲಿಯವರನ್ನು 1921ರ ಕೊನೆಗೆ ಹಡಗು ಹತ್ತಿಸಿತು.

ಅವರು ಲಂಡನ್ನಿನಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ದಂಡೆಯ ಆರ್ಡ್ರೋಸನ್ ಎಂಬ ಊರಿಗೆ ಹೋಗಿ, ಕಡಲ ಪಕ್ಕದ ಬಯಲಿನಲ್ಲಿ ಡೇರೆ ಹಾಕಿದರು. ಡಿಸೆಂಬರ್ ತಿಂಗಳು, ಮಳೆ, ಗಾಳಿ, ಕೊರೆಯುವ ಚಳಿ. ಸಾಕ್ಷಿಗೆಂದು ಜೊತೆಗೆ ಒಬ್ಬ ಇನ್ಸ್‌ಪೆಕ್ಟರು. ಸಾವಿರ ಅಡಿಗೂ ಮಿಕ್ಕ ಉದ್ದದ ತಂತಿಯನ್ನು ಕಂಬಗಳ ಮೇಲೆ, ಆಳೆತ್ತರಕ್ಕಿಂತ ಮೇಲೆ, ಅಮೆರಿಕದ ದಿಕ್ಕಿಗೆ ನೇರವಾಗಿ ಎಳೆದರು. ಎತ್ತರಕ್ಕೆ ಹೋಗದೆ ಉದ್ದಕ್ಕೆ ಮಲಗುವ ಈ ಬಗೆಯ ಆಂಟೆನಾವನ್ನು ರೂಪಿಸಿದವರು ಹೆರಾಲ್ಡ್ ಬೆವರೇಜ್. ಇಂದಿಗೂ ಅದು ಅವರದೇ ಹೆಸರಿನಲ್ಲಿದೆ. ಪಾನೀಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಡಿಸೆಂಬರ್ 11ರ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹವ್ಯಾಸಿಗಳು ಕಟ್ಟಿದ್ದ ಸುಮಾರು ಒಂದು ಕಿಲೋವಾಟ್‌ನ ಪುಟ್ಟ ಕೇಂದ್ರದ ಸಂಕೇತ, ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಸಾಗರ ದಾಟಿ, ಡೇರೆಯೊಳಗಿನ ಗಾಡ್ಲಿಯವರ ಕಿವಿಗೆ ಸ್ಪಷ್ಟವಾಗಿ ಬಿತ್ತು. ಆ ಕೆಲವು ರಾತ್ರಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಹವ್ಯಾಸಿ ಕೇಂದ್ರಗಳು ಸಿಕ್ಕವು. ಅವುಗಳಲ್ಲಿ ಕೆಲವು ತೀರಾ ಕಡಿಮೆ ಶಕ್ತಿಯವು. 'ಉಪಯೋಗಕ್ಕೆ ಬಾರದ' ಅಲೆಯ ಮರ್ಯಾದೆ ಅಂದಿನಿಂದ ಬದಲಾಯಿತು.

ಇದಕ್ಕೂ ಇಪ್ಪತ್ತು ವರ್ಷ ಮೊದಲು, 1901ರ ಡಿಸೆಂಬರ್ 12ರಂದು, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸಿಗ್ನಲ್ ಹಿಲ್ ಎಂಬ ಕಡಲಗುಡ್ಡದ ಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ ಮಾರ್ಕೋನಿ ಮೂರು ಚುಕ್ಕಿಗಳ ಸದ್ದು ಕೇಳಿದ್ದು ನಿಮ್ಮ ಪಾಠದಲ್ಲಿ ಬಂದಿರಬಹುದು. ಒಂದು ತಮಾಷೆ ಗೊತ್ತೇ? ಅವರು ಕೇಳಿದ್ದು ನಡುಹಗಲಿನಲ್ಲಿ. ಒದ್ದೆ ಗೋಣಿಚೀಲ ಪೂರ್ತಿ ಬಿಚ್ಚಿ ಹರವಿದ ಹೊತ್ತು. ಅಂಥ ಹೊತ್ತಿನಲ್ಲಿ ನಿಜಕ್ಕೂ ಕೇಳಿಸಿತೇ, ಸಿಡಿಲಿನ ಕರಕರವನ್ನೇ ಚುಕ್ಕಿ ಅಂದುಕೊಂಡರೇ ಎಂದು ತಿಳಿದವರು ಇಂದಿಗೂ ವಾದ ಮಾಡುತ್ತಾರೆ. ಗಾಡ್ಲಿಯವರ ಡೇರೆಯ ಬಗ್ಗೆ ಅಂಥ ವಾದ ಇಲ್ಲ. ಬರೆದಿಟ್ಟದ್ದು, ಸಾಕ್ಷಿ, ಸಮಯ ಎಲ್ಲ ಸರಿಯಾಗಿದೆ. ನನ್ನ ಮೆಚ್ಚುಗೆ ಹೆಚ್ಚು ಡೇರೆಗೇ.

ಈಗ ಅಮೆರಿಕದ ಇನ್ನೊಂದು ಅಂಚಿಗೆ ಬನ್ನಿ, ಪೆಸಿಫಿಕ್ ಸಾಗರದ ಕಡೆಗೆ. ಆರೆಗಾನ್, ವಾಷಿಂಗ್ಟನ್ ರಾಜ್ಯಗಳ ಕಡಲತೀರ ಈ ಹವ್ಯಾಸಿಗಳಿಗೆ ಯಾತ್ರಾಸ್ಥಳ ಇದ್ದಂತೆ. ಮನ್ಜನಿಟಾ ಎಂಬ ಊರಿನ ಹತ್ತಿರ ಹೆದ್ದಾರಿ ಕಡಲಿಗೆ ಅಂಟಿದ ಬೆಟ್ಟದ ಮಗ್ಗುಲಲ್ಲಿ ಸಾಗುತ್ತದೆ, ಕೆಳಗೆ ನೂರಾರು ಅಡಿ ಆಳದಲ್ಲಿ ನೀರು. ರಸ್ತೆಬದಿಯಲ್ಲಿ ಕಾರು ನಿಲ್ಲಿಸುವ ಜಾಗಗಳಿವೆ. ಬೆಳಗಿನ ಜಾವ ಅಲ್ಲಿ ಕೈಯಲ್ಲಿ ಪುಟ್ಟ ರೇಡಿಯೊ, ಪಕ್ಕದಲ್ಲಿ ತಂತಿ ಸುತ್ತಿದ ಚೌಕಟ್ಟು ಇಟ್ಟುಕೊಂಡು ನಿಂತವರು ಕೇಳುವುದು ಜಪಾನನ್ನು, ಕೊರಿಯಾವನ್ನು, ಆಸ್ಟ್ರೇಲಿಯಾವನ್ನು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಿಂದ ಅಲ್ಲಿಗೆ ಹನ್ನೊಂದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆ 567 ಕಿಲೋಹರ್ಟ್ಸ್ ಕೇಂದ್ರವೂ ಅವರಿಗೆ ಸಿಗುತ್ತದೆ. ಜಪಾನಿನ ಸಾರ್ವಜನಿಕ ರೇಡಿಯೊ ಎನ್‌ಎಚ್‌ಕೆಯ ಎರಡನೇ ವಾಹಿನಿ ಪಾಠಗಳ ವಾಹಿನಿಯಾಗಿತ್ತು. ಅದರ ಅಕಿತಾ ಕೇಂದ್ರ 774 ಕಿಲೋಹರ್ಟ್ಸ್‌ನಲ್ಲಿ 500 ಕಿಲೋವಾಟ್ ಶಕ್ತಿಯದಾಗಿತ್ತು. ವರ್ಷಗಟ್ಟಲೆ ಅಮೆರಿಕದ ದಂಡೆಯ ಚಳಿಯಲ್ಲಿ ನಿಂತವರಿಗೆ ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಕೇಳಿಸುತ್ತಿದ್ದದ್ದು ಏನು ಗೊತ್ತೇ? ಜಪಾನಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ಇಂಗ್ಲಿಷ್ ಪಾಠ!

ಇಲ್ಲಿ ಒಂದು ಲೆಕ್ಕದ ಆಟ ಇದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಎಂದರೆ 612, ಧಾರವಾಡ 765, ಭದ್ರಾವತಿ 675. ಒಂದು ಪೀಳಿಗೆಗೆ ಇವು ಮನೆಯ ನಂಬರಿನಂತೆ ಬಾಯಿಪಾಠ. ಈಗ ಅಂಕಿಗಳನ್ನು ಕೂಡಿ. ಆರು, ಒಂದು, ಎರಡು: ಒಂಬತ್ತು. ಏಳು, ಆರು, ಐದು: ಹದಿನೆಂಟು. ಭದ್ರಾವತಿಯೂ ಹದಿನೆಂಟು. ಅಕಿತಾದ 774? ಹದಿನೆಂಟು. ವೆಲಿಂಗ್ಟನ್ನಿನ 567? ಅದೂ ಹದಿನೆಂಟು. ಮಾಟ ಏನಿಲ್ಲ. 1978ರಿಂದ ಏಷ್ಯಾ, ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 531ರಿಂದ 1602ರವರೆಗೆ ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಿದ್ದಾರೆ, ಎಲ್ಲವೂ ಒಂಬತ್ತರ ಮಗ್ಗಿಯಲ್ಲಿ ಬರುವ ಹಾಗೆ. ಒಂಬತ್ತರಿಂದ ಭಾಗವಾಗುವ ಸಂಖ್ಯೆಯ ಅಂಕಿಗಳ ಮೊತ್ತವೂ ಒಂಬತ್ತರಿಂದ ಭಾಗವಾಗುತ್ತದೆಂದು ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಅಮೆರಿಕದಲ್ಲಿ ಮಾತ್ರ ಹತ್ತರ ಮಗ್ಗಿ: 770, 780, 790. ಹಾಗಾಗಿ 774 ಅವರ ಎರಡು ಕೇಂದ್ರಗಳ ನಡುವಿನ ಸಂದಿಯಲ್ಲಿ ಬರುತ್ತದೆ. 770ಕ್ಕೂ 774ಕ್ಕೂ ಇರುವ ನಾಲ್ಕು ಕಿಲೋಹರ್ಟ್ಸ್ ವ್ಯತ್ಯಾಸ ಸಣ್ಣ ಶಿಳ್ಳೆಯಾಗಿ ಕೇಳಿಸುತ್ತದೆ. ಮಾತು ಕೇಳುವ ಮೊದಲೇ ಶಿಳ್ಳೆ ಕೇಳಿ 'ಓಹೋ, ಏಷ್ಯಾ ಬಂತು' ಎಂದು ಅವರು ಕಿವಿ ನಿಮಿರಿಸುತ್ತಾರೆ.

ಇನ್ನೊಂದು ವಿಷಯ ಗಮನಿಸಿದಿರಾ? ಅವರು ಹೋಗುವುದು ಬೆಳಗಿನ ಜಾವ. ಕಾರಣ ಸುಲಭ. ಸೂರ್ಯ ಅವರ ಬೆನ್ನ ಹಿಂದೆ, ನೆಲದ ಕಡೆ, ಹುಟ್ಟುತ್ತಾನೆ. ಹಿಂದಿನ ಊರುಗಳಿಗೆಲ್ಲ ಆಗಲೇ ಬೆಳಕಾಗಿ ಆ ಕಡೆಯ ಕೇಂದ್ರಗಳು ಒಂದೊಂದಾಗಿ ಅಡಗುತ್ತವೆ. ಮುಂದಿನ ಸಾಗರ ಮಾತ್ರ ಇನ್ನೂ ಕತ್ತಲು. ಜಾಗ ಖಾಲಿಯಾದಂತೆ ದೂರದವರು ಮಾತಾಡತೊಡಗುತ್ತಾರೆ.

ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಬೆಟ್ಟ. ಇದು ಯಾವ ಊರಿನ ಚಿತ್ರ? ಕಾರವಾರದಿಂದ ಮಂಗಳೂರಿನವರೆಗೆ ಎಲ್ಲಿ ನಿಂತರೂ ಇದೇ ಚಿತ್ರ! ಹೊನ್ನಾವರದ ದಂಡೆಯಿಂದ ನೇರ ಪಶ್ಚಿಮಕ್ಕೆ ನಕ್ಷೆಯಲ್ಲಿ ಗೆರೆ ಎಳೆಯಿರಿ. ಸುಮಾರು 2,700 ಕಿಲೋಮೀಟರ್ ನೀರು ಬಿಟ್ಟು ಇನ್ನೇನೂ ಇಲ್ಲ, ಆಮೇಲೆ ಯೆಮೆನ್ ದೇಶದ ಮುಕಲ್ಲಾ ಊರಿನ ಆಸುಪಾಸು. ಮಂಗಳೂರಿನಿಂದ ಎಳೆದರೆ ಏಡನ್. ಸಹ್ಯಾದ್ರಿಯ ಹಿಂದೆ ಬೆಳ್ಳಗಾಗುವಾಗ ಮುಕಲ್ಲಾದಲ್ಲಿ ಸೂರ್ಯ ಹುಟ್ಟಲು ಇನ್ನೂ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಇರುತ್ತದೆ. ಆ ಅವಧಿಯಲ್ಲಿ ಅರಬ್ಬಿ ಸಮುದ್ರದ ಮೇಲೆ ಗೋಣಿಚೀಲ ಇನ್ನೂ ಪೂರ್ತಿ ಬಿಚ್ಚಿರುವುದಿಲ್ಲ. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳವರು ದುಡಿಯಲು ಹೋದ ಊರುಗಳು ಆ ದಿಕ್ಕಿನಲ್ಲಿವೆ. ಅಲ್ಲಿನವರು ಎದ್ದು ಮೊದಲು ಏನು ಕೇಳುತ್ತಾರೋ ಅದೇ ಇಲ್ಲಿನ ಮರಳಿನ ಮೇಲೂ ಕೇಳಿಸಬಹುದು.

ಹಾಗಾದರೆ ಹೊನ್ನಾವರದ ಹುಡುಗಿಗೆ ಕೆಲಸ ಹೇಳುತ್ತೇನೆ. ಉಳಿದವರೂ ಮಾಡಬಹುದು. ಮಳೆಗಾಲದಲ್ಲಿ ಬೇಡ. ಅಲೆ ದೊಡ್ಡದು, ಸಿಡಿಲೂ ಹೆಚ್ಚು. ಎಲ್ಲೋ ನೂರಾರು ಕಿಲೋಮೀಟರ್ ಆಚೆ ಮಿಂಚಿದರೂ ರೇಡಿಯೊ ಕರ್ ಎನ್ನುತ್ತದೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಡಿಸೆಂಬರ್-ಜನವರಿ ಉತ್ತಮ. ಒಬ್ಬಳೇ ಹೋಗಬೇಡ, ಅಜ್ಜನ ಜೊತೆ ಹೋಗು. ಬಂಡೆಯ ಮೇಲೆ ಹತ್ತಬೇಡ. ಅಲೆ ತಲುಪದ ಒಣ ಮರಳು ಸಾಕು. ಬೆಳಕು ಹರಿಯುವುದಕ್ಕೆ ಅರ್ಧ ಗಂಟೆ ಮೊದಲು ಅಲ್ಲಿರಬೇಕು. ರೇಡಿಯೊ, ಹೊಸ ಶೆಲ್, ಟಾರ್ಚು, ನೋಟ್‌ಬುಕ್ಕು, ಪೆನ್ಸಿಲು. ಕಡಲ ಗಾಳಿಗೆ ಕಿವಿಗೆ ಮಫ್ಲರ್ ಬೇಕೆನ್ನಿಸುತ್ತದೆ, ಆದರೆ ಮಫ್ಲರ್ ಕಟ್ಟಿದರೆ ರೇಡಿಯೊ ಕೇಳುವುದು ಕಷ್ಟ. ಅಲೆಯ ಸದ್ದನ್ನು ಮೀರಲು ಇಯರ್‌ಫೋನ್ ಒಳ್ಳೆಯದು.

ರೇಡಿಯೊದ ಉದ್ದನೆಯ ಕಡ್ಡಿಯನ್ನು ಎಳೆದು ನಿಲ್ಲಿಸುವ ಅಭ್ಯಾಸ ಎಲ್ಲರಿಗೂ ಇದೆ. ಹೆಚ್ಚಿನ ಸೆಟ್‌ಗಳಲ್ಲಿ ಆ ಕಡ್ಡಿ ಎಫ್‌ಎಂಗೆ ಮತ್ತು ಶಾರ್ಟ್‌ವೇವ್‌ಗೆ. ಮಧ್ಯಮ ತರಂಗದ ಆಂಟೆನಾ ಒಳಗೆ ಅಡಗಿದೆ: ಸೀಸದ ಕಡ್ಡಿಯಂತಿರುವ, ಅದಕ್ಕಿಂತ ದಪ್ಪನೆಯ ಕಪ್ಪು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ತಾಮ್ರದ ತಂತಿ. ಅದಕ್ಕೆ ದಿಕ್ಕು ಮುಖ್ಯ. ಕಡ್ಡಿಯ ತುದಿ ಕೇಂದ್ರದ ಕಡೆ ತಿರುಗಿದರೆ ಸದ್ದು ಅಡಗುತ್ತದೆ, ಮಗ್ಗುಲು ತಿರುಗಿದರೆ ಏರುತ್ತದೆ. ಆದ್ದರಿಂದ ರೇಡಿಯೊವನ್ನೇ ನಿಧಾನವಾಗಿ ತಿರುಗಿಸಬೇಕು. ಎರಡು ಕೇಂದ್ರಗಳು ಒಂದರ ಮೇಲೊಂದು ಕೂತಿದ್ದರೆ, ಒಂದನ್ನು ಅಡಗಿಸಿ ಇನ್ನೊಂದನ್ನು ಕೇಳುವ ಉಪಾಯವೂ ಇದೇ.

ಇನ್ನೂ ಆಸೆ ಇದ್ದವರು ಒಂದು ಚೌಕಟ್ಟು ಮಾಡಿಕೊಳ್ಳಬಹುದು. ಎರಡು ಅಡಿ ಚೌಕದ ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿಯನ್ನು ಹತ್ತು ಸುತ್ತು ಸುತ್ತಿ, ಸುತ್ತುಗಳ ನಡುವೆ ಸ್ವಲ್ಪ ಸಂದಿ ಬಿಡಿ. ಎರಡು ತುದಿಗಳನ್ನು ಹಳೇ ರೇಡಿಯೊದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರಿಗೆ ಬೆಸೆಯಿರಿ. ಅಷ್ಟೇ. ಕರೆಂಟೂ ಬೇಡ, ಶೆಲ್ಲೂ ಬೇಡ, ರೇಡಿಯೊಗೆ ತಂತಿ ಜೋಡಿಸುವುದೂ ಬೇಡ. ರೇಡಿಯೊವನ್ನು ಅದರ ಹತ್ತಿರ ಇಟ್ಟು ಕಂಡೆನ್ಸರ್ ತಿರುವಿ. ಒಂದು ಜಾಗದಲ್ಲಿ, ಪಿಸುಗುಡುತ್ತಿದ್ದ ಕೇಂದ್ರ ತಟ್ಟನೆ ಗಟ್ಟಿಯಾಗುತ್ತದೆ. ಗ್ಯಾಂಗ್ ಕಂಡೆನ್ಸರ್ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ರೇಡಿಯೊ ರಿಪೇರಿಯ ಹಳಬರ ಅಂಗಡಿಯ ಅಟ್ಟದಲ್ಲಿ ಡಬ್ಬಿತುಂಬ ಇರುತ್ತವೆ. ಅಲ್ಲದೆ ಗುಜರಿಯಲ್ಲಿ. ಹಾಗಾಗಿ, ಹುಡುಗಿಯ ಅಪ್ಪನಿಗೆ ನನ್ನ ವಿನಂತಿ: ಗುಜರಿಗೆ ಕೊಡುವ ಬದಲು ಗುಜರಿಯಿಂದ ತನ್ನಿ.

ಸುಮ್ಮನೆ ಹಳೆಯದರ ಮೋಹ ಇದು ಎನ್ನುವವರಿಗೆ ಒಂದು ಮಾತು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೇರಕ್ಕೆ ಸಾಗುವಂಥದ್ದು. ಗೋಪುರದ ಎತ್ತರ ನೋಡಿಕೊಂಡು ಕಡಲಿನಲ್ಲಿ ಐವತ್ತು-ಅರವತ್ತು ಕಿಲೋಮೀಟರ್ ಆಚೆಗೆ ಮುಗಿಯಿತು. ಮೊಬೈಲ್ ಸಿಗ್ನಲ್ ಅದಕ್ಕೂ ಮೊದಲೇ ಕೈಬಿಡುತ್ತದೆ. ಮಧ್ಯಮ ತರಂಗ ಮಾತ್ರ ಉಪ್ಪುನೀರಿಗೆ ಅಂಟಿಕೊಂಡು, ಹಗಲಿನಲ್ಲೂ, ಆಳಸಮುದ್ರದ ದೋಣಿಯವರೆಗೆ ಹೋಗುತ್ತದೆ. 'ಮೀನುಗಾರರು ಕಡಲಿಗೆ ಇಳಿಯಬಾರದು' ಎಂಬ ಸೂಚನೆಯನ್ನು ಈಗಾಗಲೇ ಕಡಲಿನಲ್ಲಿ ಇರುವವನ ಕಿವಿಗೆ ಮುಟ್ಟಿಸಿದ್ದು ಬಹುಕಾಲ ಅದೇ. ಅಜ್ಜ ರೇಡಿಯೊ ಬಿಟ್ಟುಕೊಡಲು ಒಪ್ಪದಿರುವುದಕ್ಕೆ ಕಾರಣ ಇದೇ ಇರಬಹುದು. ಮಗುವೇ, ಒಮ್ಮೆ ಅವರನ್ನು ಕೂರಿಸಿಕೊಂಡು ಕೇಳು: ಯಾವ ವರ್ಷ, ಎಷ್ಟು ದೂರದಲ್ಲಿದ್ದಾಗ, ಯಾವ ಸುದ್ದಿ ಕೇಳಿ ದೋಣಿ ತಿರುಗಿಸಿದಿರಿ ಎಂದು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದ ಕಾಲದ ಕತೆಯನ್ನೂ ಕೇಳು, ನಗು ಬರುತ್ತದೆ.

ಆದರೆ ಕಾಲ ಈ ಅಲೆಯ ಪರವಾಗಿಲ್ಲ. ಮಧ್ಯಮ ತರಂಗದ ಪ್ರೇಷಕಕ್ಕೆ ನೂರಿನ್ನೂರು ಕಿಲೋವಾಟ್ ವಿದ್ಯುತ್ ಬೇಕು, ನೂರಾರು ಅಡಿ ಎತ್ತರದ ಗೋಪುರ ಬೇಕು, ಅದರ ಸುತ್ತ ಎಕರೆಗಟ್ಟಲೆ ಜಾಗ ಬೇಕು. ಜರ್ಮನಿಯ ಸಾರ್ವಜನಿಕ ರೇಡಿಯೊ 2015ರ ಕೊನೆಯ ದಿನ ತನ್ನ ಮಧ್ಯಮ ತರಂಗವನ್ನು ಆರಿಸಿತು. ಜಪಾನಿನ ಎನ್‌ಎಚ್‌ಕೆ, ಆ ಇಂಗ್ಲಿಷ್ ಪಾಠದ ಎರಡನೇ ವಾಹಿನಿಯನ್ನು 2026ರ ಮಾರ್ಚಿಗೆ ಮುಗಿಸುವುದಾಗಿ ಪ್ರಕಟಿಸಿತು. ನಮ್ಮಲ್ಲೂ ಆಕಾಶವಾಣಿ ಎಫ್‌ಎಂ ಕಡೆಗೆ ಸರಿಯುತ್ತಾ ಒಂದೊಂದೇ ಹಳೆಯ ಪ್ರೇಷಕವನ್ನು ನಿಲ್ಲಿಸುತ್ತಿದೆ. ವಿದ್ಯುತ್ ಬಿಲ್ಲಿನ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೂ ಕಡಲಿನ ಊರುಗಳಲ್ಲಿ ಕೊನೆಯದಾಗಿ ಆರಿಸಬೇಕಾದ ದೀಪ ಇದು ಎಂದೇ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಹೊಸ ಕಾರುಗಳಿಂದ ಎಎಂ ರೇಡಿಯೊ ತೆಗೆಯಬಾರದು, ಪ್ರವಾಹ-ಬಿರುಗಾಳಿಯ ಹೊತ್ತಿಗೆ ಅದೇ ಬೇಕಾಗುತ್ತದೆ ಎಂದು 2023ರಲ್ಲಿ ಮಸೂದೆಯನ್ನೇ ತಂದರು. ಅಂಥ ಚರ್ಚೆ ನಮ್ಮ ಕರಾವಳಿಯಲ್ಲೂ ಆಗಲಿ.

ಈಗ ನೋಟ್‌ಬುಕ್ಕಿನ ವಿಷಯ. ಕೇಳಿದ್ದನ್ನು ಬರೆದಿಡದಿದ್ದರೆ ಅದು ಡಿ-ಎಕ್ಸ್ ಅಲ್ಲ. ತಾರೀಕು, ಸಮಯ, ಕಂಪನಾಂಕ, ಭಾಷೆ, ಕೇಳಿದ್ದು ಹಾಡೋ ಸುದ್ದಿಯೋ ಪ್ರಾರ್ಥನೆಯೋ, ಗಂಡಸಿನ ದನಿಯೋ ಹೆಂಗಸಿನದೋ, ನಡುವೆ ಬಂದ ಗಂಟೆ ಅಥವಾ ರಾಗದ ತುಣುಕು ಎಲ್ಲ ಬರೆಯಿರಿ. ಭಾಷೆ ಬರದಿದ್ದರೆ ಚಿಂತೆಯಿಲ್ಲ, ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಸದ್ದು ಹೇಗಿತ್ತು ಎಂಬುದಕ್ಕೆ ಹವ್ಯಾಸಿಗಳು ಐದು ಅಂಕಿ ಕೊಡುತ್ತಾರೆ, 'ಸಿನ್ಪೋ' ಎಂದು ಹೆಸರು: ಸದ್ದಿನ ಬಲ, ಬೇರೆ ಕೇಂದ್ರದ ಕಾಟ, ಗೊರಗೊರ, ಏರಿಳಿತ, ಒಟ್ಟಾರೆ. ಒಂದೊಂದಕ್ಕೂ ಒಂದರಿಂದ ಐದು. ಐದು ಎಂದರೆ ಅತ್ಯುತ್ತಮ, ಪರೀಕ್ಷೆಯ ಅಂಕದ ಹಾಗೇ. ಕೇಂದ್ರಕ್ಕೆ ಈ ವರದಿ ಕಳಿಸಿದರೆ, ಸರಿಯಾಗಿದ್ದರೆ, 'ಹೌದು, ನೀವು ಕೇಳಿದ್ದು ನಮ್ಮನ್ನೇ' ಎಂದು ಕಾರ್ಡು ಬರುತ್ತದೆ. ಅದಕ್ಕೆ ಕ್ಯು-ಎಸ್-ಎಲ್ ಕಾರ್ಡ್ ಎನ್ನುತ್ತಾರೆ. ನಮ್ಮ ಆಕಾಶವಾಣಿಯೂ ಕೊಡುತ್ತಾ ಬಂದಿದೆ, ಚಂದದ ಚಿತ್ರಗಳಿರುತ್ತವೆ. ಅಂಚೆಚೀಟಿ ಕೂಡಿಡುವವರ ಹಾಗೆ ಇವನ್ನು ಆಲ್ಬಮ್ಮಿನಲ್ಲಿ ಕೂಡಿಟ್ಟವರು ನಮ್ಮ ದೇಶದಲ್ಲೂ ಇದ್ದಾರೆ.

ಹೊರದೇಶಕ್ಕೆ ಬರೆಯುವಾಗ ಸಮಯವನ್ನು ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಬರೆಯಬೇಕು. ಆಗ ಅದು ವಿಶ್ವಮಾನ್ಯ ಸಮಯ. ಬೆಳಗಿನ ಐದಕ್ಕೆ ಕೇಳಿದ್ದು ಹಿಂದಿನ ದಿನದ ರಾತ್ರಿ ಹನ್ನೊಂದೂವರೆ ಆಗುತ್ತದೆ, ತಾರೀಕೂ ಒಂದು ಹಿಂದಕ್ಕೆ ಹೋಗುತ್ತದೆ. ಇಲ್ಲಿಗೆ, ಪತ್ರಿಕೆಯ ವಿಳಾಸಕ್ಕೆ ಕಳಿಸುವವರು ಅಷ್ಟೆಲ್ಲ ಕಳೆಯುವುದು ಬೇಡ. ನಮ್ಮ ಸಮಯವೇ ಸಾಕು. ಯಾವ ದಂಡೆ, ನೀರಿನಿಂದ ಎಷ್ಟು ಹೆಜ್ಜೆ ದೂರ, ಎಂಬುದನ್ನು ಮರೆಯದೆ ಬರೆಯಿರಿ. ಅದೇ ರೇಡಿಯೊದಲ್ಲಿ ಅದೇ ಕಂಪನಾಂಕವನ್ನು ಮನೆಯಂಗಳದಲ್ಲೂ ಕೇಳಿ ನೋಡಿ ಎರಡೂ ಅಂಕ ಪಕ್ಕಪಕ್ಕ ಹಾಕಿದ್ದರೆ ಇನ್ನೂ ಒಳ್ಳೆಯದು. ಜನವರಿ ಮುಗಿಯುವವರೆಗೆ ಬಂದವುಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತು ಮಾಡಿ ಇದೇ ಅಂಕಣದಲ್ಲಿ ಹಾಕುತ್ತೇನೆ.